ವಿಜ್ಞಾನ ವರದಿಗಾರನನ್ನು ತಯಾರಿಸಬಹುದೆ?

ಕನ್ನಡ ಸಂಘಗಳ ವಾರ್ಷಿಕ ಸಂಚಿಕೆಗಳಲ್ಲಿ ಆರೋಗ್ಯ ಲೇಖನಗಳಿಗೆ ನಿಶ್ಚಿತವಾದ ಒಂದು ಸ್ಥಾನವುಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಮುಂತಾದವನ್ನು ಕುರಿತು ಊರಿನ ಕನ್ನಡಿಗ ವೈದ್ಯರೊಬ್ಬರು ಶ್ರಮವಹಿಸಿ ಬರೆಯುತ್ತಾರೆ. ಓದುಗರು ಅದನ್ನು ಜೋಪಾನವಾಗಿ ತೆಗೆದಿರಿಸುತ್ತಾರೆ. ಈ ಸಂಪ್ರದಾಯ ಸ್ತುತ್ಯವಾದುದು, ಮುಂದುವರಿಯತಕ್ಕದ್ದು. ಆದರೆ ವೈದ್ಯರು ಕೊಡುವುದು ಸಲಹೆ. ಆ ಸಲಹೆಯ ಹಿಂದಿರುವ ಸಂಶೋಧನೆಯನ್ನು ನಡೆಸಿದವರು ಯಾರು, ಖರ್ಚು ಕೊಟ್ಟವರು ಯಾರು, ಎಷ್ಟು ಮಂದಿ ರೋಗಿಗಳ ಮೇಲೆ ಎಷ್ಟು ಕಾಲ ಪರೀಕ್ಷೆ ನಡೆಯಿತು, ಅದನ್ನು ಒಪ್ಪದ ತಜ್ಞರು ಏನೆನ್ನುತ್ತಾರೆ ಎಂದು ಮನೆಮನೆ ಅಲೆದು ವಿಚಾರಿಸುವ ಕೆಲಸ ವೈದ್ಯರದಲ್ಲ. ಅದಕ್ಕೆ ಅವರಿಗೆ ಪುರಸೊತ್ತೂ ಇಲ್ಲ. ಅದು ವರದಿಗಾರನ ಕೆಲಸ. ಅಂಥ ವರದಿಗಾರನನ್ನು ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕೂರಿಸಿ ತಯಾರಿಸಲು ಸಾಧ್ಯವೆ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ನಾಲ್ಕು ದಶಕಗಳಿಗೂ ಮೇಲ್ಪಟ್ಟು ಒಂದು ಪ್ರಯೋಗ ನಡೆದು ಬಂದಿದೆ. ಅದರ ಲಾಭನಷ್ಟಗಳ ಲೆಕ್ಕವನ್ನು ಕನ್ನಡಿಗರೂ ಒಮ್ಮೆ ತೆರೆದು ನೋಡುವುದು ಉಚಿತ.

1981ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಜಾನ್ ವಿಲ್ಕ್ಸ್ ಎಂಬ ಅಧ್ಯಾಪಕರು ವಿಜ್ಞಾನ ಬರವಣಿಗೆಯ ತರಗತಿಯೊಂದನ್ನು ಸ್ಥಾಪಿಸಿದರು. ಪ್ರವೇಶಕ್ಕೆ ಅವರಿಟ್ಟ ಷರತ್ತು ವಿಚಿತ್ರವಾಗಿ ಕಾಣಬಹುದು. ಸಾಹಿತ್ಯ ಓದಿದವರಿಗೆ ಅಲ್ಲಿ ಜಾಗವಿಲ್ಲ. ವಿಜ್ಞಾನದಲ್ಲಿ ಪದವಿ ಪಡೆದು ಪ್ರಯೋಗಶಾಲೆಯಲ್ಲಿ ಕೈಯಾರೆ ದುಡಿದಿರಬೇಕು. ವರ್ಷಕ್ಕೆ ಸುಮಾರು ಹತ್ತು ಮಂದಿಗೆ ಮಾತ್ರ ಅವಕಾಶ. ಮರುವರ್ಷ, 1982ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಬರೋಸ್ ಎಂಬ ಪತ್ರಕರ್ತರು ಇನ್ನೊಂದು ತರಗತಿಗೆ ಅಡಿಪಾಯ ಹಾಕಿದರು. ವಿಜ್ಞಾನ, ಆರೋಗ್ಯ, ಪರಿಸರ ಈ ಮೂರರ ವರದಿಗಾರಿಕೆಗೆಂದು ಇಂದು ಹೆಸರಾಗಿರುವ ಆ ಸ್ನಾತಕೋತ್ತರ ಶಿಕ್ಷಣದ ಅವಧಿ ಹದಿನಾರು ತಿಂಗಳು. ಮುಂದೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯೂ ಇದೇ ದಾರಿ ಹಿಡಿಯಿತು.

ಈ ತರಗತಿಗಳಲ್ಲಿ ಕಲಿಸುವುದೇನು? ವಿಜ್ಞಾನವನ್ನಲ್ಲ, ಅದನ್ನು ವಿದ್ಯಾರ್ಥಿಗಳು ಕಲಿತೇ ಬಂದಿರುತ್ತಾರೆ. ಸುಂದರವಾದ ವಾಕ್ಯರಚನೆಯನ್ನು ಕಲಿಸುತ್ತಾರಾದರೂ ಅದು ಮುಖ್ಯವಲ್ಲ. ಮುಖ್ಯವಾಗಿ ಕಲಿಸುವುದು ಅನುಮಾನಿಸುವ ಅಭ್ಯಾಸವನ್ನು. ಒಂದು ಸಂಶೋಧನಾ ಪ್ರಬಂಧವನ್ನು ಕೈಗೆ ಕೊಟ್ಟರೆ ಅದರ ಸಾರಾಂಶವನ್ನು ನಂಬದೆ ಒಳಗಿನ ಕೋಷ್ಟಕಗಳನ್ನು ಓದುವುದು, ಪ್ರಬಂಧ ಬರೆದವರೊಡನೆ ಮಾತನಾಡಿದ ಮೇಲೆ ಆ ವಿಷಯ ಬಲ್ಲ, ಆದರೆ ಆ ಕೆಲಸದಲ್ಲಿ ಪಾಲಿಲ್ಲದ ಇನ್ನೊಬ್ಬ ತಜ್ಞರನ್ನು ಹುಡುಕಿ ಕೇಳುವುದು, ಹಣದ ಮೂಲವನ್ನು ಪತ್ತೆಹಚ್ಚುವುದು, ಬರೆದ ಪ್ರತಿಯೊಂದು ಅಂಕಿಗೂ ಆಧಾರ ತೋರಿಸುವುದು. ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರನ್ನು ಇನ್ನೊಬ್ಬ ಅಧಿಕಾರಿ ಪರಿಶೀಲಿಸಿ ಸಹಿ ಹಾಕದ ಹೊರತು ಹಣ ಕೈಬದಲಾಗುವುದಿಲ್ಲ. ಬರೆದವನು ಕಳ್ಳನೆಂಬ ಕಾರಣಕ್ಕಲ್ಲ. ಪ್ರಾಮಾಣಿಕನ ಕಣ್ಣೂ ತಪ್ಪುತ್ತದೆ ಎಂಬ ತಿಳಿವಳಿಕೆಯಿಂದ. ವಿಜ್ಞಾನ ವರದಿಗಾರಿಕೆಯ ಶಿಕ್ಷಣದ ತಿರುಳೂ ಇದೇ.

ಇದನ್ನು ಪಾಠದಿಂದ ಕಲಿಯುವುದು ಕಷ್ಟವೆಂದು ಬಲ್ಲ ಆ ಅಧ್ಯಾಪಕರು ವಿದ್ಯಾರ್ಥಿಗಳ ಕೈಗೇ ಪತ್ರಿಕೆಯನ್ನು ಕೊಟ್ಟಿದ್ದಾರೆ. ನ್ಯೂಯಾರ್ಕಿನವರು ನಡೆಸುವುದು ‘ಸೈನ್ಸ್‌ಲೈನ್’. ಅದರ ವರದಿಗಾರರೂ ಸಂಪಾದಕರೂ ವಿದ್ಯಾರ್ಥಿಗಳೇ. ಸಾಂತಾ ಕ್ರೂಜ್‌ನವರದು ವರ್ಷಕ್ಕೊಮ್ಮೆ ಹೊರಬರುವ ‘ಸೈನ್ಸ್ ನೋಟ್ಸ್’. ಸಹಪಾಠಿ ಬರೆದುದನ್ನು ಸಹಪಾಠಿಯೇ ತಿದ್ದಿ, ಈ ಮಾತಿಗೆ ಆಧಾರವೆಲ್ಲಿ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸುವ ಮುಜುಗರದ ವ್ಯವಸ್ಥೆಯಿದು. ಇದರ ಜೊತೆಗೆ ಕೆಲವು ತಿಂಗಳ ಮಟ್ಟಿಗೆ ನಿಜವಾದ ವೃತ್ತಪತ್ರಿಕೆಯ ಕಚೇರಿಯಲ್ಲಿ ಉಮೇದುವಾರಿಕೆ. ಲೆಕ್ಕ ಪರಿಶೋಧಕನಾಗಬೇಕೆನ್ನುವವನು ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಖಾತೆ ಪುಸ್ತಕಗಳನ್ನು ಮಗುಚುವುದಿಲ್ಲವೆ, ಹಾಗೆ.

ಇಷ್ಟೆಲ್ಲ ಆಡಂಬರ ಏತಕ್ಕೆ, ವಿಜ್ಞಾನ ತಿಳಿದವನಿಗೆ ಭಾಷೆಯೂ ಬಂದರೆ ಸಾಲದೆ ಎಂದು ಕೇಳುವವರಿದ್ದಾರೆ. ಅವರಿಗೆ 1995ರ ಬ್ರಿಟನ್ನಿನ ಪ್ರಸಂಗವೊಂದು ಉತ್ತರ ಕೊಡಬಲ್ಲದು. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಯ ಔಷಧ ಸುರಕ್ಷತಾ ಸಮಿತಿಯು, ಹೊಸ ಬಗೆಯ ಕೆಲವು ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆಂದು ಎಚ್ಚರಿಸಿತು. ಪತ್ರಿಕೆಗಳು, ದೂರದರ್ಶನ ಕೇಂದ್ರಗಳು ‘ಇಮ್ಮಡಿ’ ಎಂಬ ಪದವನ್ನೇ ಹಿಡಿದು ಸಾರಿದವು. ಭೀತರಾದ ಹೆಂಗಸರು ಗುಳಿಗೆಯನ್ನೇ ನಿಲ್ಲಿಸಿದರು. ಇಮ್ಮಡಿಯೆಂದರೆ ಎಷ್ಟು? ಹಳೆಯ ಗುಳಿಗೆ ನುಂಗುವ 7,000 ಮಂದಿಯಲ್ಲಿ ಒಬ್ಬರಿಗೆ ಆ ತೊಂದರೆ ಬರುತ್ತಿತ್ತು. ಹೊಸ ಗುಳಿಗೆ ನುಂಗುವ 7,000 ಮಂದಿಯಲ್ಲಿ ಇಬ್ಬರಿಗೆ. ಗರ್ಭಧಾರಣೆಯಿಂದಲೇ ಉಂಟಾಗುವ ಅದೇ ಅಪಾಯ ಇದಕ್ಕಿಂತ ಹೆಚ್ಚಿನದು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜು. ಸಮಿತಿ ಸುಳ್ಳು ಹೇಳಿರಲಿಲ್ಲ, ಪತ್ರಿಕೆಗಳೂ ಸುಳ್ಳು ಬರೆಯಲಿಲ್ಲ. ಎಷ್ಟರಿಂದ ಎಷ್ಟಕ್ಕೆ ಎಂಬ ಒಂದು ಪ್ರಶ್ನೆಯನ್ನು ಮುಖಪುಟದಲ್ಲಿ ಎತ್ತಬೇಕಾಗಿತ್ತು, ಎತ್ತಲಿಲ್ಲ. ಸಾಲದ ಅರ್ಜಿ ಹಿಡಿದು ಬಂದ ವರ್ತಕ ತನ್ನ ವ್ಯಾಪಾರ ಇಮ್ಮಡಿಯಾಗಿದೆಯೆಂದರೆ ಮೂಲದ ಮೊತ್ತವನ್ನು ಕೇಳದೆ ಮಂಜೂರು ಮಾಡುವ ಅಧಿಕಾರಿ ಯಾವ ಬ್ಯಾಂಕಿನಲ್ಲಿಯೂ ಇರಲಾರ. ಇದ್ದರೂ ಬಹುಕಾಲ ಇರಲಾರ.

ಉತ್ಪ್ರೇಕ್ಷೆಯೆಲ್ಲ ಪತ್ರಕರ್ತರದೇ ಎಂದು ವಿಜ್ಞಾನಿಗಳು ಆಗಾಗ ದೂರುವುದುಂಟು. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ದೂರಿನ ಬುಡವನ್ನೇ ಅಲುಗಿಸಿತು. ಬ್ರಿಟನ್ನಿನ 20 ವಿಶ್ವವಿದ್ಯಾನಿಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಡನೆ ತಾಳೆ ನೋಡಿದಾಗ, ಶೇಕಡಾ 40ರಷ್ಟು ಪ್ರಕಟಣೆಗಳಲ್ಲಿಯೇ ಜನರಿಗೆ ಕೊಟ್ಟ ಸಲಹೆ ಪ್ರಬಂಧದ ಮಿತಿಯನ್ನು ಮೀರಿತ್ತು. ಮೂರನೆಯ ಒಂದು ಪಾಲಿಗೂ ಹೆಚ್ಚಿನವು ಪ್ರಾಣಿಗಳ ಮೇಲಿನ ಪರೀಕ್ಷೆಯ ಫಲವನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿದ್ದವು. ಅಂದರೆ ಹಾಲಿಗೆ ನೀರು ಬೆರೆತದ್ದು ಮಾರುವ ಅಂಗಡಿಯಲ್ಲಲ್ಲ, ಕರೆದ ಕೊಟ್ಟಿಗೆಯಲ್ಲಿಯೇ. ಪ್ರಕಟಣೆಯನ್ನು ಹಾಗೆಯೇ ಭಾಷಾಂತರಿಸಿ ಅಚ್ಚಿಗೆ ಕೊಡುವ ಉಪಸಂಪಾದಕ ಎಷ್ಟೇ ಸಜ್ಜನನಾಗಿರಲಿ, ಕೊಟ್ಟಿಗೆಯ ನೀರನ್ನು ಕಂಡುಹಿಡಿಯಲಾರ. ಮೂಲ ಪ್ರಬಂಧವನ್ನು ಓದಬಲ್ಲವನು ಕಂಡುಹಿಡಿದಾನು. ಈ ಒಂದು ಕಾರಣಕ್ಕಾದರೂ ವಿಜ್ಞಾನ ಓದಿದವರನ್ನು ಪತ್ರಿಕೋದ್ಯಮಕ್ಕೆ ಪಳಗಿಸುವ ಶಿಕ್ಷಣ ಸಾರ್ಥಕ.

ಹೀಗೆ ಪಳಗಿದವರ ಪೈಕಿ ಭಾರತದಲ್ಲಿ ಜನಿಸಿದ ಅಪೂರ್ವ ಮಂಡವಿಲ್ಲಿಯವರು ಒಬ್ಬರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನ ಶಾಸ್ತ್ರ ಓದಿ, ಅನಂತರ ನ್ಯೂಯಾರ್ಕಿನ ಈ ತರಗತಿಯನ್ನು ಸೇರಿ ವರದಿಗಾರ್ತಿಯಾದರು. ವೈದ್ಯವಿಜ್ಞಾನ ವರದಿಗಾರಿಕೆಗಾಗಿ 2019ರಲ್ಲಿ ವಿಕ್ಟರ್ ಕೋನ್ ಪ್ರಶಸ್ತಿಯನ್ನು ಪಡೆದರು. ಕೋವಿಡ್ ವರದಿಗಳಿಗಾಗಿ 2021ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗಳಿಸಿದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ತಂಡದಲ್ಲಿಯೂ ಅವರಿದ್ದರು. ಸಾಂತಾ ಕ್ರೂಜ್‌ನಲ್ಲಿ ಕಲಿತ ಲಾರಾ ಹೆಲ್ಮತ್ ಮೆದುಳಿನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು; 2020ರಿಂದ 2024ರವರೆಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಪ್ರಧಾನ ಸಂಪಾದಕಿಯಾಗಿದ್ದರು. ಪ್ರಯೋಗಶಾಲೆಯನ್ನು ಬಿಟ್ಟುಬಂದ ಇಂಥವರನ್ನು ನೋಡಿ ‘ಓದಿದ ವಿದ್ಯೆ ವ್ಯರ್ಥವಾಯಿತು’ ಎಂದು ಮರುಗುವ ತಂದೆತಾಯಿಗಳು ಮುಂಬಯಿ ಪುಣೆಗಳ ಕನ್ನಡ ಕುಟುಂಬಗಳಲ್ಲಿ ಕಡಿಮೆಯಿರಲಾರರು. ಅದು ಬೇರೆ ಮಾತು.

ಇಷ್ಟು ಕಲಿತವರಿಂದ ತಪ್ಪಾಗದೆ? ಆಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಅದೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಯೊಂದು, ಕೋವಿಡ್ ರೋಗದಿಂದ ಅಮೆರಿಕದಲ್ಲಿ ಸುಮಾರು 9,00,000 ಮಕ್ಕಳು ಆಸ್ಪತ್ರೆ ಸೇರಿದ್ದಾರೆಂದು ಬರೆಯಿತು. ನಿಜವಾದ ಸಂಖ್ಯೆ, 2020ರ ಆಗಸ್ಟ್‌ನಿಂದ ಆ ದಿನದವರೆಗೆ, 63,000ಕ್ಕೆ ಸ್ವಲ್ಪ ಮೇಲ್ಪಟ್ಟಿತ್ತು. ಹದಿನಾಲ್ಕು ಪಟ್ಟಿನ ಅಂತರ! ಮಕ್ಕಳಿಗೆ ಲಸಿಕೆ ಹಾಕಿಸುವುದೋ ಬೇಡವೋ ಎಂದು ತಾಯಂದಿರು ಹೊಯ್ದಾಡುತ್ತಿದ್ದ ಕಾಲವದು. ತಪ್ಪು ಸಣ್ಣದಲ್ಲ. ಆದರೆ ಪತ್ರಿಕೆ ಹಳೆಯ ಅಂಕಿ ಇದು, ಸರಿಯಾದ ಅಂಕಿ ಇದು ಎಂದು ಎರಡನ್ನೂ ಬರೆದು ತಿದ್ದುಪಡಿ ಪ್ರಕಟಿಸಿತು. ಲೆಡ್ಜರಿನಲ್ಲಿ ತಪ್ಪಿದ ನಮೂದನ್ನು ಕೆರೆದು ಅಳಿಸಕೂಡದು, ಗೆರೆ ಎಳೆದು ಮೇಲೆ ಸರಿಯಾದುದನ್ನು ಬರೆದು ಸಹಿ ಮಾಡಬೇಕೆಂಬ ಹಳೆಯ ನಿಯಮವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಭಾರತದ ಎಷ್ಟು ಆರೋಗ್ಯ ಪುಟಗಳಲ್ಲಿ ಇಂಥ ಗೆರೆ ಎಳೆದದ್ದನ್ನು ಓದುಗರು ಕಂಡಿದ್ದಾರೆ?

ಈ ತರಗತಿಗಳ ವಿರುದ್ಧ ಎತ್ತಬಹುದಾದ ಬಲವಾದ ಆಕ್ಷೇಪಣೆ ಬೇರೆಯೇ ಇದೆ. ನ್ಯೂಯಾರ್ಕಿನ ತರಗತಿಯನ್ನು ನಡೆಸಿದ ಅಧ್ಯಾಪಕ ಡಾನ್ ಫೇಗಿನ್ ಅವರ ‘ಟಾಮ್ಸ್ ರಿವರ್’ ಎಂಬ ಗ್ರಂಥಕ್ಕೆ 2014ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನ್ಯೂಜೆರ್ಸಿ ರಾಜ್ಯದ ಆ ಊರಿನಲ್ಲಿ 1952ರಿಂದ ಬಣ್ಣ ತಯಾರಿಸುತ್ತಿದ್ದ ಸೀಬಾ ಕಂಪೆನಿಯ ಕಾರ್ಖಾನೆಯ ಕಲ್ಮಷ, ಮತ್ತು 1971ರಲ್ಲಿ ಒಂದು ಹೊಲದಲ್ಲಿ ಸುರಿದ ಯೂನಿಯನ್ ಕಾರ್ಬೈಡ್ ಕಂಪೆನಿಯ ಪೀಪಾಯಿಗಳ ರಾಸಾಯನಿಕ, ಊರಿನ ಕುಡಿಯುವ ನೀರಿಗೆ ಸೇರಿದ ಕಥೆಯದು. ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಿದುದನ್ನು ತಾಯಿತಂದೆಗಳು ಗಮನಿಸಿದರು. 2001ರಲ್ಲಿ 69 ಕುಟುಂಬಗಳೊಡನೆ ಈ ಎರಡು ಕಂಪೆನಿಗಳೂ ನೀರು ಸರಬರಾಜು ಕಂಪೆನಿಯೂ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡವು. ಕಾರಣವನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ, ಆಕಸ್ಮಿಕವೆಲ್ಲಿ ಮುಗಿಯುತ್ತದೆ, ಅಪರಾಧವೆಲ್ಲಿ ಮೊದಲಾಗುತ್ತದೆ ಎಂಬುದನ್ನು ಫೇಗಿನ್ ಅವಸರವಿಲ್ಲದೆ ಬಿಡಿಸಿಟ್ಟಿದ್ದಾರೆ. ಆದರೆ ಅವರ ಗ್ರಂಥ ಹೊರಬಂದದ್ದು 2013ರಲ್ಲಿ, ರಾಜಿಯಾಗಿ ಹನ್ನೆರಡು ವರ್ಷಗಳಾದ ಮೇಲೆ.

ಅದೇ ಯೂನಿಯನ್ ಕಾರ್ಬೈಡ್ ಹೆಸರಿನ ಕಾರ್ಖಾನೆ ಭೋಪಾಲದಲ್ಲಿಯೂ ಇತ್ತು. ಅದರಿಂದ ಊರಿಗೆ ಗಂಡಾಂತರ ಕಾದಿದೆಯೆಂದು ರಾಜಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತರು ‘ರಪಟ್’ ಎಂಬ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ 1982ರಲ್ಲಿಯೇ ಮತ್ತೆ ಮತ್ತೆ ಬರೆದರು. 1984ರಲ್ಲಿ ‘ಜನಸತ್ತಾ’ ಪತ್ರಿಕೆಯಲ್ಲಿಯೂ ಬರೆದರು. ಯಾರೂ ಕಿವಿಗೊಡಲಿಲ್ಲ. ಆ ಡಿಸೆಂಬರ್ 2ರ ರಾತ್ರಿ ನಡೆದದ್ದನ್ನು ಇಲ್ಲಿ ಹೇಳಬೇಕಾಗಿಲ್ಲ. ಕೇಸ್ವಾನಿಯವರಿಗೆ ವಿಜ್ಞಾನ ಪತ್ರಿಕೋದ್ಯಮದ ಪದವಿ ಇರಲಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂದು ಕೇವಲ 12 ಮಕ್ಕಳ ಆಧಾರದ ಮೇಲೆ 1998ರಲ್ಲಿ ಶಂಕೆ ಹುಟ್ಟಿಸಿದ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ವಕೀಲರ ಕಡೆಯಿಂದ ಹಣ ಪಡೆದಿದ್ದನ್ನು 2004ರಿಂದ ಬಯಲಿಗೆಳೆದ ಲಂಡನ್ನಿನ ಬ್ರಯನ್ ಡೀರ್ ಅವರೂ ಇಂಥ ತರಗತಿಯಿಂದ ಬಂದವರಲ್ಲ. ‘ಲಾನ್ಸೆಟ್’ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಪ್ರಬಂಧವನ್ನು ತಜ್ಞರು ಪರಿಶೀಲಿಸಿಯೇ ಅಚ್ಚಿಗೆ ಬಿಟ್ಟಿದ್ದರೆಂಬುದನ್ನು, ಆರೋಗ್ಯದ ಬಗೆಗೆ ವೈದ್ಯರೊಬ್ಬರೇ ಬರೆಯತಕ್ಕದ್ದೆನ್ನುವವರು ನೆನಪಿಡುವುದು ಮೇಲು.

ಹಾಗಾದರೆ ಪದವಿ ಬೇಡವೆ? ಕೇಸ್ವಾನಿ, ಡೀರ್ ಅವರಂಥ ಛಲಗಾರರು ಎಲ್ಲಿಯೋ ಒಬ್ಬರು ಹುಟ್ಟುತ್ತಾರೆ. ಅವರು ಹುಟ್ಟಲಿ ಎಂದು ಕಾಯುವುದು ವ್ಯವಸ್ಥೆಯಲ್ಲ. ದಿನನಿತ್ಯದ ನೂರಾರು ಸಣ್ಣ ವರದಿಗಳನ್ನು ಸರಿಯಾಗಿ ಬರೆಯಲು ಮಹಾಪುರುಷರು ಬೇಕಿಲ್ಲ. ತರಬೇತಾದ ಸಾಮಾನ್ಯರು ಸಾಕು. ಛಲವನ್ನು ಕಲಿಸಲಾಗದು, ಕೋಷ್ಟಕ ಓದುವುದನ್ನು ಕಲಿಸಬಹುದು.

ಇನ್ನು ನಷ್ಟದ ಪುಟ. ಅಮೆರಿಕದ ವೃತ್ತಪತ್ರಿಕೆಗಳಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ವಿಜ್ಞಾನ ಪುರವಣಿಗಳ ಸಂಖ್ಯೆ 1989ರಲ್ಲಿ 95. 2012ರ ಹೊತ್ತಿಗೆ ಉಳಿದದ್ದು 19. 2008ರಲ್ಲಿ ಸಿಎನ್ಎನ್ ಸಂಸ್ಥೆ ತನ್ನ ವಿಜ್ಞಾನ ವಿಭಾಗವನ್ನೇ ಮುಚ್ಚಿತು. ತರಗತಿಗಳಿಂದ ವರ್ಷವರ್ಷವೂ ಪದವೀಧರರು ಹೊರಬೀಳುತ್ತಿದ್ದಾರೆ, ಕುರ್ಚಿಗಳು ಕಡಿಮೆಯಾಗುತ್ತಿವೆ. ಇವರಲ್ಲಿ ಹಲವರು ಕೊನೆಗೆ ಸೇರುವುದು ವಿಶ್ವವಿದ್ಯಾನಿಲಯಗಳ, ಆಸ್ಪತ್ರೆಗಳ ಪ್ರಚಾರ ವಿಭಾಗಗಳನ್ನು. ಪ್ರಕಟಣೆಯ ಉತ್ಪ್ರೇಕ್ಷೆಯನ್ನು ಹಿಡಿಯಲು ಕಲಿತವನೇ ಪ್ರಕಟಣೆಯನ್ನು ಬರೆಯುವ ಮೇಜಿನ ಹಿಂದೆ ಕೂರುತ್ತಾನೆ. ಕೌಂಟರಿನ ಈಚೆಯಿದ್ದವನು ಆಚೆಗೆ ಹೋದಂತೆ. ಅಲ್ಲಿ ಕುಳಿತು ಪ್ರಾಮಾಣಿಕವಾಗಿ ಬರೆಯುವವರೂ ಇದ್ದಾರೆಂಬುದು ನಿಜ. ಸಂಬಳ ಕೊಡುವವನ ಲೆಕ್ಕವನ್ನು ಸಂಬಳ ಪಡೆಯುವವನು ಪರಿಶೋಧಿಸಲಾರನೆಂಬುದೂ ಅಷ್ಟೇ ನಿಜ.

ಭಾರತವು ವಿಜ್ಞಾನದ ಪ್ರಸಾರದಲ್ಲಿ ಹಿಂದೆ ಬಿದ್ದಿಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೇ ಸೇರಿದೆ. ನ್ಯೂಯಾರ್ಕಿನ ತರಗತಿ ಆರಂಭವಾದ 1982ರಲ್ಲಿಯೇ ಕೇಂದ್ರ ಸರ್ಕಾರ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಪರಿಷತ್ತನ್ನು ಸ್ಥಾಪಿಸಿತು. ಆದರೆ ‘ಸಂವಹನ’ ಎಂಬ ಮಾತಿನಲ್ಲಿಯೇ ಅದರ ಮಿತಿಯೂ ಇದೆ. ವಿಜ್ಞಾನಿ ಹೇಳಿದುದನ್ನು ಜನರಿಗೆ ತಲುಪಿಸುವುದು ಸಂವಹನ. ವಿಜ್ಞಾನಿ ಹೇಳಿದುದು ಸರಿಯೆ ಎಂದು ಜನರ ಪರವಾಗಿ ಕೇಳುವುದು ವರದಿಗಾರಿಕೆ. ಮೊದಲನೆಯದರಲ್ಲಿ ಕನ್ನಡಕ್ಕೆ ಶ್ರೀಮಂತ ಪರಂಪರೆಯೇ ಇದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಷ್ಟು ಹಿಂದೆ. ಶಿವರಾಮ ಕಾರಂತರು ಒಬ್ಬರೇ ಕುಳಿತು ಸಂಪುಟಗಟ್ಟಲೆ ‘ವಿಜ್ಞಾನ ಪ್ರಪಂಚ’ ಬರೆದರು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ಗಿಡದ ಹೆಸರು ಕಲಿತವರು ಅಸಂಖ್ಯ. ಎರಡನೆಯದರಲ್ಲಿ, ವಿಜ್ಞಾನ ಓದಿ ‘ಪ್ರಜಾವಾಣಿ’ಯ ಕಚೇರಿ ಸೇರಿದ ನಾಗೇಶ ಹೆಗಡೆಯವರ ಹೆಸರು ಒಡನೆ ನೆನಪಿಗೆ ಬರುತ್ತದೆ. ಅನಂತರ ಎರಡನೆಯ ಹೆಸರಿಗಾಗಿ ಸ್ವಲ್ಪ ಯೋಚಿಸಬೇಕಾಗುತ್ತದೆ.

ಕಾಯಿದೆಯನ್ನು ನಂಬಿ ಸುಮ್ಮನಿರುವಂತೆಯೂ ಇಲ್ಲ. ಸಕ್ಕರೆ ಕಾಯಿಲೆ ಮುಂತಾದ ರೋಗಗಳನ್ನು ವಾಸಿಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಔಷಧಗಳ ಕಾಯಿದೆ ನಿಷೇಧಿಸುತ್ತದೆ. ಅದೇ ಮಾತು ಸುದ್ದಿಯ ವೇಷ ತೊಟ್ಟು, ಬದಿಯಲ್ಲಿ ವೈದ್ಯರೊಬ್ಬರ ಭಾವಚಿತ್ರ ಸಮೇತ ಬಂದರೆ ಅದು ಜಾಹೀರಾತೆಂದು ತೋರಿಸಿಕೊಡುವ ಹೊಣೆ ಯಾರದು? ಓದುಗನಂತೂ ಔಷಧದಂಗಡಿಯ ಮುಂದೆ ನಿಂತಾಗಿರುತ್ತದೆ.

ಹೊರನಾಡಿನ ಕನ್ನಡ ಸಂಘಗಳು ಸಭಾಂಗಣ ಕಟ್ಟಿವೆ, ಶಾಲೆ ನಡೆಸಿವೆ, ಪ್ರತಿಭಾವಂತ ಮಕ್ಕಳಿಗೆ ಬಹುಮಾನ ಕೊಡುತ್ತಿವೆ. ಅಂಕಗಳ ಪಟ್ಟಿ ನೋಡಿ ಹಂಚುವ ಹತ್ತು ಬಹುಮಾನಗಳ ಬದಲು, ಕನ್ನಡದಲ್ಲಿ ಬರೆಯಬಲ್ಲ ಒಬ್ಬ ವಿಜ್ಞಾನ ಪದವೀಧರನಿಗೆ ಅಥವಾ ಪದವೀಧರೆಗೆ ಒಂದು ವರ್ಷದ ವೇತನ ಕೊಟ್ಟು ಪತ್ರಿಕಾ ಕಚೇರಿಯಲ್ಲಿ ಕೂರಿಸುವ ಏರ್ಪಾಟನ್ನು ನಾಲ್ಕಾರು ನಗರಗಳ ಸಂಘಗಳು ಕೂಡಿ ಮಾಡಬಹುದು. ಅಮೆರಿಕದ ತರಗತಿಗಳೂ ಹತ್ತಾರು ವಿದ್ಯಾರ್ಥಿಗಳಿಗಿಂತ ಹೆಚ್ಚಿನವರನ್ನು ಸೇರಿಸಿಕೊಂಡವಲ್ಲ. ಷರತ್ತು ಎರಡೇ: ವೇತನ ಕೊಟ್ಟವರು ಬರವಣಿಗೆಯಲ್ಲಿ ಕೈಹಾಕಕೂಡದು; ಬರೆದವರು ಯಾವ ಆಸ್ಪತ್ರೆಯಿಂದಲೂ ಔಷಧ ಕಂಪೆನಿಯಿಂದಲೂ ಏನನ್ನೂ ಸ್ವೀಕರಿಸಕೂಡದು. ಸಂಚಿಕೆಗೆ ಆಸ್ಪತ್ರೆಗಳ ಜಾಹೀರಾತು ತರುವ ಸಮಿತಿಯ ಸದಸ್ಯರಿಗೆ ಮೊದಲನೆಯ ಷರತ್ತು ಕಹಿಯಾದೀತು.

ಮೊದಲ ವರ್ಷದ ಕೆಲಸವೂ ಸಿದ್ಧವಾಗಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತ ಇಂದಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಅದಕ್ಕೆಂದು ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯನ್ನು, ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡಿಗೆ ಹೋಗುವಾಗ ಮೈಗೆ ಯಾವ ಎಣ್ಣೆ ಹಚ್ಚಿಕೊಳ್ಳಬೇಕೆಂಬ ಸಲಹೆಯನ್ನು ಆರೋಗ್ಯ ಇಲಾಖೆ ಕೊಡುತ್ತದೆ. ಆ ಲಸಿಕೆಯ ಬಲ ಕುಂದಿದ್ದು ಯಾವಾಗ ತಿಳಿಯಿತು, ತಿಳಿದ ಮೇಲೆ ಎಷ್ಟು ಮಂದಿಗೆ ಅದನ್ನು ಚುಚ್ಚಲಾಯಿತು, ಹೊಸದರ ಕೆಲಸ ಎಲ್ಲಿಗೆ ಬಂದಿದೆ ಎಂದು ಪ್ರಯೋಗಶಾಲೆಯ ದಾಖಲೆಗಳನ್ನು ಓದಿ, ಸೊರಬ ಸಾಗರಗಳ ಹಳ್ಳಿಗಳಲ್ಲಿ ಕೇಳಿ, ಕನ್ನಡದಲ್ಲಿ ಬರೆಯುವ ಒಬ್ಬರು ಬೇಕಾಗಿದ್ದಾರೆ.